ಮುಂಗಡ ತೆತ್ತ ಅಂತ್ಯಸಂಸ್ಕಾರ, ಕರಗಿಹೋದ ನಿಧಿ: ಮಿಸೌರಿಯ ಒಂದು ಪ್ರಕರಣದ ಅಧ್ಯಯನ

ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರಕ್ಕೆ ಹೊಂದಿಕೊಂಡಿರುವ ಕ್ಲೇಟನ್ ಎಂಬ ಊರಿನಲ್ಲಿ ಕಚೇರಿ ಹೊಂದಿದ್ದ ನ್ಯಾಷನಲ್ ಪ್ರಿಅರೇಂಜ್ಡ್ ಸರ್ವಿಸಸ್ ಎಂಬ ಕಂಪನಿಯು, ಜನರು ಬದುಕಿರುವಾಗಲೇ ತಮ್ಮ ಅಂತ್ಯಸಂಸ್ಕಾರದ ವಿವರಗಳನ್ನು ಗೊತ್ತುಪಡಿಸಿ ಅದರ ಪೂರ್ತಿ ಖರ್ಚನ್ನು ಮುಂಗಡವಾಗಿ ಕಟ್ಟಿಬಿಡುವ ಒಪ್ಪಂದಗಳನ್ನು ಮಾರುತ್ತಿತ್ತು. 2008ರಲ್ಲಿ ಆ ಕಂಪನಿ ಕುಸಿಯಿತು. ಹದಿನಾರಕ್ಕೂ ಹೆಚ್ಚು ರಾಜ್ಯಗಳಲ್ಲಿ ಹರಡಿದ್ದ ಸುಮಾರು 97,000 ಗ್ರಾಹಕರು ಕಟ್ಟಿದ್ದ ಹಣದಲ್ಲಿ ಬಹುಪಾಲು ಇರಬೇಕಾದ ಜಾಗದಲ್ಲಿ ಇರಲಿಲ್ಲ ಎಂಬುದು ಆಗ ಬಯಲಾಯಿತು. ನಷ್ಟದ ಮೊತ್ತವನ್ನು ತನಿಖಾಧಿಕಾರಿಗಳು 45 ಕೋಟಿ ಡಾಲರ್‌ಗಳೆಂದು ಅಂದಾಜಿಸಿದರು. ಅಕ್ರಮಗಳು 1992ರಷ್ಟು ಹಿಂದೆಯೇ ಆರಂಭವಾಗಿದ್ದವು ಎಂಬುದು ಸರ್ಕಾರದ ವಾದವಾಗಿತ್ತು. ಎಂದರೆ ಹದಿನಾರು ವರ್ಷಗಳ ಕಾಲ ಗ್ರಾಹಕರು ಹಣ ಕಟ್ಟುತ್ತಲೇ ಇದ್ದರು, ಸಾಯುತ್ತಲೇ ಇದ್ದರು, ಅವರ ಅಂತ್ಯಸಂಸ್ಕಾರಗಳೂ ಹೆಚ್ಚುಕಡಿಮೆ ಒಪ್ಪಂದದಂತೆಯೇ ನಡೆಯುತ್ತಿದ್ದವು.

ಈ ಕೊನೆಯ ಸಂಗತಿಯೇ ಪ್ರಕರಣವನ್ನು ಅಧ್ಯಯನಕ್ಕೆ ಯೋಗ್ಯವಾಗಿಸುತ್ತದೆ. ವಂಚನೆ ಮಾಡಿದವರ ದುರಾಸೆಯ ಬಗ್ಗೆ ಹೇಳುವುದಕ್ಕೆ ಹೆಚ್ಚೇನೂ ಇಲ್ಲ, ಅದು ಎಲ್ಲೆಡೆಯೂ ಒಂದೇ. ಆದರೆ ಮುಂಗಡ ಅಂತ್ಯಸಂಸ್ಕಾರ ಒಪ್ಪಂದವೆಂಬ ಸರಕಿನ ರಚನೆಯಲ್ಲಿಯೇ ಒಂದು ವಿಚಿತ್ರವಿದೆ. ಕೊಂಡವರು ಸರಕನ್ನು ಪಡೆಯುವ ಹೊತ್ತಿಗೆ ಅದನ್ನು ಪರಿಶೀಲಿಸಲು ಬದುಕಿರುವುದಿಲ್ಲ, ಹಣ ಕೊಟ್ಟ ದಿನಕ್ಕೂ ಸೇವೆ ದೊರೆಯುವ ದಿನಕ್ಕೂ ನಡುವೆ ಹತ್ತಿಪ್ಪತ್ತು ವರ್ಷಗಳ ಅಂತರವಿರುತ್ತದೆ, ಆ ಅಂತರದಲ್ಲಿ ಹಣ ಎಲ್ಲಿತ್ತು ಎಂದು ಕೇಳುವ ಅಭ್ಯಾಸವೂ ಯಾರಿಗೂ ಇರುವುದಿಲ್ಲ. ಆದ್ದರಿಂದ ಇಂಥ ಒಪ್ಪಂದವನ್ನು ಅಳೆಯಬೇಕಾದದ್ದು ಅದರಲ್ಲಿ ನಮೂದಾದ ಶವಪೆಟ್ಟಿಗೆಯ ಗುಣಮಟ್ಟದಿಂದಲ್ಲ, ಹಣವನ್ನು ಯಾರು ಇಟ್ಟುಕೊಂಡಿದ್ದಾರೆ ಮತ್ತು ಅದು ಇದೆಯೆಂದು ಯಾರು ಯಾರಿಗೆ ತಿಳಿಸುತ್ತಾರೆ ಎಂಬುದರಿಂದ. ಈ ಬರಹ ಪ್ರಕರಣವನ್ನು ಆ ದೃಷ್ಟಿಯಿಂದ ನೋಡುತ್ತದೆ.

ಒಪ್ಪಂದದ ಸ್ವರೂಪ

ಅಮೆರಿಕದಲ್ಲಿ ಶವವನ್ನು ಸಾಗಿಸುವುದರಿಂದ ಹಿಡಿದು ಸಮಾಧಿಯ ಅಥವಾ ದಹನದ ತನಕದ ಕೆಲಸಗಳನ್ನು ಸಾಮಾನ್ಯವಾಗಿ ಫ್ಯೂನರಲ್ ಹೋಮ್‌ಗಳು ನಿರ್ವಹಿಸುತ್ತವೆ. ಇದು ಅಗ್ಗದ ವ್ಯವಹಾರವಲ್ಲ; 2023ರಲ್ಲಿ ಅಲ್ಲಿಯ ಅಂತ್ಯಸಂಸ್ಕಾರ ನಿರ್ವಾಹಕರ ರಾಷ್ಟ್ರೀಯ ಸಂಘ ಪ್ರಕಟಿಸಿದ ಲೆಕ್ಕದಂತೆ, ಅಂತಿಮ ದರ್ಶನ ಮತ್ತು ಸಮಾಧಿ ಸೇರಿದ ಅಂತ್ಯಸಂಸ್ಕಾರದ ಮಧ್ಯಮ ವೆಚ್ಚ 8,300 ಡಾಲರ್. ದುಃಖದಲ್ಲಿರುವ ಮನೆಯವರು ಚೌಕಾಸಿ ಮಾಡುವ ಸ್ಥಿತಿಯಲ್ಲಿ ಇರುವುದಿಲ್ಲವೆಂಬುದನ್ನು ಗಮನಿಸಿಯೇ ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ ಜಾರಿಗೊಳಿಸಿದ, 1984ರಿಂದ ಚಾಲ್ತಿಯಲ್ಲಿರುವ ನಿಯಮವು, ಪ್ರತಿಯೊಂದು ಸೇವೆಗೂ ವಸ್ತುವಿಗೂ ಬೇರೆಬೇರೆಯಾಗಿ ದರ ನಮೂದಿಸಿದ ಪಟ್ಟಿಯನ್ನು ಕೇಳಿದವರಿಗೆ ಕೊಡಬೇಕು, ಬೇಕಾದದ್ದನ್ನಷ್ಟೇ ಕೊಳ್ಳಲು ಬಿಡಬೇಕು ಎಂದು ವಿಧಿಸುತ್ತದೆ. ಮುಂಚಿತವಾಗಿ ಏರ್ಪಾಡು ಮಾಡಿಕೊಳ್ಳುವವರಿಗೂ ಈ ಹಕ್ಕು ಇದೆ. ಆದರೆ ಆ ನಿಯಮ ದರಪಟ್ಟಿಯನ್ನು ಕಾಯುತ್ತದೆಯೇ ಹೊರತು ಮುಂಗಡವಾಗಿ ಕಟ್ಟಿದ ಹಣವನ್ನು ಕಾಯುವುದಿಲ್ಲ. ಹಣದ ರಕ್ಷಣೆ ಆಯಾ ರಾಜ್ಯದ ಕಾನೂನಿಗೆ ಬಿಟ್ಟ ವಿಷಯ, ಮತ್ತು ರಾಜ್ಯದಿಂದ ರಾಜ್ಯಕ್ಕೆ ಆ ಕಾನೂನು ತೀರ ಬೇರೆಯಾಗಿರುತ್ತದೆ.

ಜನರು ಇಂಥ ಒಪ್ಪಂದಕ್ಕೆ ಮುಂದಾಗಲು ಕಾರಣಗಳು ಹಲವು. ಮಕ್ಕಳ ಮೇಲೆ ಹೊರೆ ಬೀಳಬಾರದೆಂಬ ಹಿರಿಯರ ಹಟ ಅವುಗಳಲ್ಲಿ ಮೊದಲನೆಯದು; ಇಂದಿನ ದರದಲ್ಲಿಯೇ ನಾಳಿನ ಸೇವೆ ಸಿಗುತ್ತದೆಂಬ ಲೆಕ್ಕಾಚಾರ ಎರಡನೆಯದು. ಮೂರನೆಯ ಕಾರಣ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದಿದ್ದರೂ ಈ ಪ್ರಕರಣದಲ್ಲಿ ಬಹಳ ಮುಖ್ಯವಾದದ್ದು. ವೃದ್ಧರ ಶುಶ್ರೂಷಾಲಯದ ದೀರ್ಘಾವಧಿ ಖರ್ಚಿಗೆ ಸರ್ಕಾರದ ಮೆಡಿಕೇಯ್ಡ್ ನೆರವು ದೊರೆಯಬೇಕಾದರೆ ಅರ್ಜಿದಾರರ ಆಸ್ತಿ ಒಂದು ಸಣ್ಣ ಮಿತಿಯೊಳಗಿರಬೇಕು. ಹಿಂಪಡೆಯಲು ಬಾರದಂತೆ ಅಂತ್ಯಸಂಸ್ಕಾರಕ್ಕೆಂದು ಕಟ್ಟಿಟ್ಟ ಹಣವನ್ನು, ಆಯಾ ರಾಜ್ಯದ ನಿಯಮಗಳಿಗೆ ಒಳಪಟ್ಟು, ಆ ಆಸ್ತಿಯ ಲೆಕ್ಕದಿಂದ ಹೊರಗಿಡಲಾಗುತ್ತದೆ. ಹೀಗಾಗಿ ಉಳಿತಾಯವೆಲ್ಲ ಶುಶ್ರೂಷಾಲಯಕ್ಕೆ ಸಂದಾಯವಾಗುವ ಮೊದಲು ಅಂತ್ಯಸಂಸ್ಕಾರಕ್ಕಾದರೂ ಒಂದಷ್ಟು ತೆಗೆದಿಡೋಣವೆಂದು ವಯಸ್ಸಾದವರು ಕಟ್ಟುವ ಹಣ, ಅವರ ಬದುಕಿನ ಕೊನೆಯ ಸ್ವಂತ ಹಣವಾಗಿರುವುದೇ ಹೆಚ್ಚು. ಹಿಂಪಡೆಯಲು ಬಾರದು ಎಂಬ ಷರತ್ತಿನಿಂದಾಗಿ, ಕಂಪನಿಯ ಮೇಲೆ ಅನುಮಾನ ಬಂದರೂ ಅವರು ಅದನ್ನು ವಾಪಸು ಕೇಳುವಂತಿಲ್ಲ. ಸಾಮಾನ್ಯ ಬ್ಯಾಂಕೊಂದರ ಬಗ್ಗೆ ಗುಸುಗುಸು ಎದ್ದರೆ ಠೇವಣಿದಾರರು ಸಾಲುಗಟ್ಟಿ ನಿಲ್ಲುತ್ತಾರೆ. ಇಲ್ಲಿ ಅಂಥ ಸಾಲು ಎಂದೂ ಏರ್ಪಡುವುದಿಲ್ಲ.

ಕಟ್ಟಿದ ಹಣ ಎರಡು ರೂಪಗಳಲ್ಲಿ ಇರಬಹುದು. ಒಂದನೆಯದು ಟ್ರಸ್ಟ್: ಬ್ಯಾಂಕಿನಂಥ ಮೂರನೆಯ ಸಂಸ್ಥೆ ಟ್ರಸ್ಟಿಯಾಗಿ ಹಣವನ್ನು ಹಿಡಿದಿಟ್ಟು, ಮರಣಾನಂತರ ಸೇವೆ ನಡೆಸಿದವರಿಗೆ ಬಿಡುಗಡೆ ಮಾಡುತ್ತದೆ. ಎರಡನೆಯದು ವಿಮೆ: ಗ್ರಾಹಕರ ಜೀವದ ಮೇಲೆ ಪಾಲಿಸಿ ತೆಗೆದು, ಅದರ ಮೊತ್ತವನ್ನು ಅಂತ್ಯಸಂಸ್ಕಾರಕ್ಕೆ ಮೀಸಲಿಡಲಾಗುತ್ತದೆ. ಮಿಸೌರಿಯಲ್ಲಿ ಆಗ ಜಾರಿಯಲ್ಲಿದ್ದ ಕಾನೂನಿನಂತೆ ಮಾರಾಟಗಾರರು ಗ್ರಾಹಕರಿಂದ ಪಡೆದ ಹಣದಲ್ಲಿ ಶೇ 80ನ್ನು ಟ್ರಸ್ಟ್‌ಗೆ ಹಾಕಿದರೆ ಸಾಕಿತ್ತು. ಉಳಿದ ಶೇ 20 ಮೊದಲ ದಿನವೇ ಅವರದಾಗುತ್ತಿತ್ತು. ಜೊತೆಗೆ ಟ್ರಸ್ಟ್ ಒಂದು ಗಾತ್ರವನ್ನು ಮೀರಿದರೆ ಅದರ ಹೂಡಿಕೆಯನ್ನು ಸ್ವತಂತ್ರ ಹೂಡಿಕೆ ಸಲಹೆಗಾರರೊಬ್ಬರ ಕೈಗೆ ಕೊಡಲು ಅವಕಾಶವಿತ್ತು. ಕಾಗದದ ಮೇಲೆ ನಿರುಪದ್ರವಿಯಾಗಿ ಕಾಣುವ ಈ ಅವಕಾಶ ಮುಂದೆ ದೊಡ್ಡ ಬಾಗಿಲಾಯಿತು.

ದರ ಏರುವುದಿಲ್ಲವೆಂಬ ಭರವಸೆಯ ಲೆಕ್ಕ

ಕಂಪನಿ ಗ್ರಾಹಕರಿಗೆ ಕೊಟ್ಟ ಮಾತು ಸರಳವಾಗಿತ್ತು. ಇಂದಿನ ದರವನ್ನು ಇಂದೇ ಕಟ್ಟಿ, ಮುಂದೆ ಎಷ್ಟೇ ದುಬಾರಿಯಾದರೂ ನಿಮ್ಮ ಮನೆಯವರು ಒಂದು ಡಾಲರನ್ನೂ ಹೆಚ್ಚಿಗೆ ಕೊಡಬೇಕಿಲ್ಲ. ಇದಕ್ಕೆ ಖಾತರಿ ಒಪ್ಪಂದ ಎನ್ನುತ್ತಾರೆ. ಖಾತರಿಯಿಲ್ಲದ ಒಪ್ಪಂದದಲ್ಲಿ ಕಟ್ಟಿದ ಹಣವನ್ನು ಅಂದಿನ ಬಿಲ್ಲಿನಲ್ಲಿ ವಜಾ ಮಾಡಿ, ಸಾಲದ್ದನ್ನು ಮನೆಯವರಿಂದ ಪಡೆಯಲಾಗುತ್ತದೆ.

ಭರವಸೆಯ ಹಿಂದಿನ ಗಣಿತವನ್ನು ಒಂದು ಉದಾಹರಣೆಯಿಂದ ನೋಡಬಹುದು. ಗ್ರಾಹಕರೊಬ್ಬರು 6,000 ಡಾಲರ್ ಕಟ್ಟುತ್ತಾರೆ, ಅಂತ್ಯಸಂಸ್ಕಾರದ ವೆಚ್ಚ ವರ್ಷಕ್ಕೆ ಶೇ 3ರಂತೆ ಏರುತ್ತದೆ ಎಂದುಕೊಳ್ಳೋಣ. ಇಪ್ಪತ್ತು ವರ್ಷಗಳ ನಂತರ ಅದೇ ಸೇವೆಯ ವೆಚ್ಚ ಸುಮಾರು 10,840 ಡಾಲರ್ ಆಗುತ್ತದೆ. ಟ್ರಸ್ಟ್‌ಗೆ ಹೋದದ್ದು ಶೇ 80, ಅಂದರೆ 4,800 ಡಾಲರ್. ಅದು 10,840ಕ್ಕೆ ಬೆಳೆಯಬೇಕಾದರೆ ತೆರಿಗೆ ಮತ್ತು ಶುಲ್ಕಗಳನ್ನು ಕಳೆದು ವರ್ಷಕ್ಕೆ ಸುಮಾರು ಶೇ 4.2ರಷ್ಟು ಪ್ರತಿಫಲ ಬೇಕು, ಇದು ಅಸಾಧ್ಯವೇನಲ್ಲ. ಆದರೆ ಅದೇ ಗ್ರಾಹಕರು ಮೂರೇ ವರ್ಷಗಳಲ್ಲಿ ತೀರಿಕೊಂಡರೆ ಬೇಕಾಗುವುದು ಸುಮಾರು 6,560 ಡಾಲರ್, ಮತ್ತು 4,800 ಡಾಲರ್ ಅಷ್ಟಾಗಲು ಬೇಕಾದ ಪ್ರತಿಫಲ ವರ್ಷಕ್ಕೆ ಶೇ 11ರ ಆಸುಪಾಸು. ಪ್ರಾಮಾಣಿಕ ಮಾರಾಟಗಾರರಿಗೂ ಈ ವ್ಯವಹಾರ ಎಷ್ಟು ಬಿಗಿಯಾದದ್ದು ಎಂಬುದು ಇಲ್ಲಿ ಕಾಣುತ್ತದೆ. ಬೇಗ ಸತ್ತವರಿಂದ ಆಗುವ ಕೊರತೆಯನ್ನು ಬಹುಕಾಲ ಬದುಕಿದವರ ಹಣದ ಬೆಳವಣಿಗೆಯಿಂದ ತುಂಬಬೇಕು. ಅದಕ್ಕೆ ಆ ಹಣವನ್ನು ಮುಟ್ಟದೆ ಇಡಬೇಕು. ಮೊದಲ ದಿನವೇ ಮಾರಾಟದ ಕಮಿಷನ್, ಕಚೇರಿಯ ಖರ್ಚು, ಮಾಲೀಕರ ಲಾಭ ಎಲ್ಲವನ್ನೂ ತೆಗೆದುಕೊಳ್ಳಬಯಸುವ ಸಂಸ್ಥೆಯೊಂದು ಈ ಗಣಿತದೊಳಗೆ ನ್ಯಾಯವಾಗಿ ಬದುಕುವುದು ಕಷ್ಟ. ದರವನ್ನು ಹಿಡಿದಿಡುತ್ತೇವೆಂಬ ಮಾತಿನ ಬೆಲೆ, ಆ ದರ ಏರಿದಷ್ಟೇ ವೇಗದಲ್ಲಿ ಬೆಳೆಯುವ ನಿಧಿಯೊಂದು ನಿಜವಾಗಿ ಇದ್ದರೆ ಮಾತ್ರ. ಒಪ್ಪಂದದ ಪತ್ರದಲ್ಲಿ ಸಹಿ ಇರುವುದರಿಂದ ಆ ನಿಧಿ ಹುಟ್ಟುವುದಿಲ್ಲ.

ಹಣ ಹೋದ ದಾರಿ

ಕಂಪನಿಯ ವ್ಯವಸ್ಥೆಯಲ್ಲಿ ಮೂರು ಕೊಂಡಿಗಳಿದ್ದವು. ಒಪ್ಪಂದ ಮಾರುವುದು ನ್ಯಾಷನಲ್ ಪ್ರಿಅರೇಂಜ್ಡ್ ಸರ್ವಿಸಸ್. ಸೇವೆ ಕೊಡುವುದು ಗ್ರಾಹಕರು ಆರಿಸಿಕೊಂಡ ಫ್ಯೂನರಲ್ ಹೋಮ್. ಹಣವನ್ನು ವಿಮೆಯ ರೂಪದಲ್ಲಿ ಹೊತ್ತುಕೊಳ್ಳುವುದು ಟೆಕ್ಸಾಸ್‌ನಲ್ಲಿ ನೋಂದಾಯಿತವಾಗಿದ್ದ ಲಿಂಕನ್ ಮೆಮೋರಿಯಲ್ ಲೈಫ್ ಮತ್ತು ಮೆಮೋರಿಯಲ್ ಸರ್ವಿಸ್ ಲೈಫ್ ಎಂಬ ಎರಡು ವಿಮಾ ಕಂಪನಿಗಳು. ಮಾರುವ ಕಂಪನಿಯೂ ವಿಮಾ ಕಂಪನಿಗಳೂ ಒಂದೇ ಕುಟುಂಬದ ಹಿಡಿತದಲ್ಲಿದ್ದವು. ಹಣವನ್ನು ಕಾಯಬೇಕಾದವರು ಹಣ ಪಡೆದವರಿಂದ ಬೇರೆಯಾಗಿರಬೇಕೆಂಬುದೇ ಟ್ರಸ್ಟ್ ಮತ್ತು ವಿಮೆ ಎರಡರ ಹಿಂದಿನ ತತ್ವ. ಇಲ್ಲಿ ಆ ಪ್ರತ್ಯೇಕತೆ ಹೆಸರುಗಳಲ್ಲಿ ಮಾತ್ರ ಉಳಿದಿತ್ತು; ಬೇಲಿಯನ್ನು ಹಾಕಿದವರೇ ಹೊಲ ಮೇಯಲು ನಿಂತಿದ್ದರು.

ನ್ಯಾಯಾಲಯದ ದಾಖಲೆಗಳಲ್ಲಿ ವಿವರಿಸಲಾದ ವಿಧಾನಗಳು ಕುಶಲವೆನ್ನುವುದಕ್ಕಿಂತ ನಿರ್ಭಿಡೆಯವು ಎನ್ನಬೇಕು. ಗ್ರಾಹಕರು ತುಂಬಿಕೊಟ್ಟ ವಿಮಾ ಅರ್ಜಿಗಳನ್ನು ಕಂಪನಿಯೊಳಗೆ ತಿದ್ದಲಾಗುತ್ತಿತ್ತು. ಗ್ರಾಹಕರು ಕಟ್ಟಿದ್ದ ಮೊತ್ತಕ್ಕೆ ಬದಲಾಗಿ ಬೇರೆ ಮೊತ್ತವನ್ನು ಅರ್ಜಿಯಲ್ಲಿ ನಮೂದಿಸಲಾಗುತ್ತಿತ್ತು. ಫಲಾನುಭವಿಯ ಜಾಗದಲ್ಲಿ ಕಂಪನಿಯ ಹೆಸರು ಬರುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಆಜೀವ ವಿಮೆಯ ಪಾಲಿಸಿಗಳನ್ನು ಟರ್ಮ್ ಪಾಲಿಸಿಗಳಾಗಿ ಪರಿವರ್ತಿಸಲಾಗುತ್ತಿತ್ತು. ಆಜೀವ ಪಾಲಿಸಿಯಲ್ಲಿ ಕಟ್ಟಿದ ಪ್ರೀಮಿಯಂನ ಒಂದು ಭಾಗ ಪಾಲಿಸಿಯ ಒಳಮೌಲ್ಯವಾಗಿ ಕೂಡುತ್ತ ಹೋಗುತ್ತದೆ. ಗ್ರಾಹಕರು ಯಾವಾಗ ಸತ್ತರೂ ಮೊತ್ತ ಸಂದಾಯವಾಗುತ್ತದೆ. ಟರ್ಮ್ ಪಾಲಿಸಿ ಅಗ್ಗ, ಏಕೆಂದರೆ ಅದು ನಿಗದಿತ ಅವಧಿಯೊಳಗಿನ ಸಾವಿಗೆ ಮಾತ್ರ ಸಲ್ಲುತ್ತದೆ, ಒಳಗೆ ಏನೂ ಕೂಡುವುದಿಲ್ಲ, ಅವಧಿ ಮುಗಿದರೆ ಪಾಲಿಸಿಯೂ ಮುಗಿಯುತ್ತದೆ. ಸಾವು ಖಚಿತ, ದಿನ ಮಾತ್ರ ಅನಿಶ್ಚಿತ ಎಂಬ ಸಂಗತಿಗೆಂದೇ ಹಣ ಕಟ್ಟಿದವರಿಗೆ ಟರ್ಮ್ ಪಾಲಿಸಿ ಕೊಡುವುದರಲ್ಲಿ ಅರ್ಥವೇ ಇಲ್ಲ. ಆದರೆ ಎರಡರ ನಡುವಿನ ವ್ಯತ್ಯಾಸದ ಹಣ ಕಂಪನಿಯ ಕೈಗೆ ಬರುತ್ತಿತ್ತು. ಒಳಮೌಲ್ಯ ಉಳಿದಿದ್ದ ಪಾಲಿಸಿಗಳ ಮೇಲೆ ಗ್ರಾಹಕರಿಗೆ ತಿಳಿಯದಂತೆ ಸಾಲ ಎತ್ತಲಾಗುತ್ತಿತ್ತು.

ಮಿಸೌರಿಯ ಟ್ರಸ್ಟ್‌ಗಳ ವಿಷಯದಲ್ಲಿ ದಾರಿ ಇನ್ನೊಂದಿತ್ತು. ಕಾನೂನು ಹೇಳಿದ ಸ್ವತಂತ್ರ ಹೂಡಿಕೆ ಸಲಹೆಗಾರರು ಹೆಸರಿಗೆ ಇದ್ದರು, ಆದರೆ ಹೂಡಿಕೆಯ ನಿರ್ಧಾರಗಳನ್ನು ನಿಜವಾಗಿ ತೆಗೆದುಕೊಳ್ಳುತ್ತಿದ್ದವರು ಕಂಪನಿಯ ಒಳಗಿನವರೇ ಆಗಿದ್ದರು ಎಂಬುದು ಸರ್ಕಾರದ ಆರೋಪ; ಸಲಹೆಗಾರರ ವಿರುದ್ಧ 2013ರಲ್ಲಿ ಜ್ಯೂರಿ ಕೊಟ್ಟ ತೀರ್ಪು ಇದನ್ನು ಒಪ್ಪಿತು. ಟ್ರಸ್ಟ್‌ನಿಂದ ಹೀಗೆ ಹೊರಬಂದ ಹಣ ಕುಟುಂಬದ ವೈಯಕ್ತಿಕ ಲಾಭಕ್ಕೂ, ಅದಕ್ಕಿಂತ ತುರ್ತಾಗಿ ಆ ತಿಂಗಳು ಸತ್ತ ಹಳೆಯ ಗ್ರಾಹಕರ ಅಂತ್ಯಸಂಸ್ಕಾರದ ಬಿಲ್ಲುಗಳಿಗೂ ಹೋಗುತ್ತಿತ್ತು. ಹೊಸ ಗ್ರಾಹಕರ ಹಣದಿಂದ ಹಳೆಯ ಗ್ರಾಹಕರ ಬಿಲ್ಲು ತೀರಿಸುವ ಈ ಕ್ರಮವನ್ನು ಹಣಕಾಸಿನ ಭಾಷೆಯಲ್ಲಿ ಪಾಂಜಿ ಯೋಜನೆ ಎನ್ನುತ್ತಾರೆ.

ಏಕೆ ಯಾರಿಗೂ ಕಾಣಲಿಲ್ಲ

ಸಾಮಾನ್ಯ ಪಾಂಜಿ ಯೋಜನೆಗಳು ಕೆಲವು ವರ್ಷಗಳಲ್ಲಿ ಬೀಳುತ್ತವೆ, ಏಕೆಂದರೆ ಹೂಡಿದವರು ಒಂದಲ್ಲ ಒಂದು ದಿನ ಹಣ ವಾಪಸು ಕೇಳುತ್ತಾರೆ. ಮುಂಗಡ ಅಂತ್ಯಸಂಸ್ಕಾರದಲ್ಲಿ ಆ ದಿನವನ್ನು ಗ್ರಾಹಕರು ಆರಿಸುವುದಿಲ್ಲ. ಬೇಡಿಕೆಗಳು ಮರಣದ ಗತಿಯಲ್ಲಿ, ಊಹಿಸಬಹುದಾದ ನಿಧಾನದಲ್ಲಿ ಬರುತ್ತವೆ. ಎಪ್ಪತ್ತರ ಆಸುಪಾಸಿನಲ್ಲಿ ಒಪ್ಪಂದ ಮಾಡಿಕೊಂಡವರಲ್ಲಿ ಅನೇಕರು ಇನ್ನೂ ಹತ್ತು ಹದಿನೈದು ವರ್ಷ ಬದುಕುತ್ತಾರೆ. ಮಾರಾಟ ಬೆಳೆಯುತ್ತಿರುವ ತನಕ ಈ ವರ್ಷ ಕಟ್ಟಿದವರ ಸಂಖ್ಯೆ ಈ ವರ್ಷ ಸತ್ತವರ ಸಂಖ್ಯೆಗಿಂತ ಹೆಚ್ಚೇ ಇರುತ್ತದೆ, ಕಂಪನಿಯ ಖಾತೆಯಲ್ಲಿ ಹಣ ಓಡಾಡುತ್ತಲೇ ಇರುತ್ತದೆ. ವಂಚನೆಗೆ ಇದಕ್ಕಿಂತ ಅನುಕೂಲವಾದ ವೇಳಾಪಟ್ಟಿಯನ್ನು ಕಲ್ಪಿಸುವುದು ಕಷ್ಟ.

ಪ್ರತಿಯೊಬ್ಬರಿಗೂ ಕಂಡದ್ದು ಚಿತ್ರದ ಒಂದು ತುಣುಕು ಮಾತ್ರ ಎಂಬುದು ಇನ್ನೊಂದು ಕಾರಣ. ಫ್ಯೂನರಲ್ ಹೋಮ್‌ಗೆ ಕಂಡದ್ದು ಮರಣಾನಂತರ ಬಂದ ಚೆಕ್; ಚೆಕ್ ಪಾಸಾಗುತ್ತಿದ್ದಷ್ಟು ಕಾಲ ಅವರಿಗೆ ಕೇಳಲು ಕಾರಣವಿರಲಿಲ್ಲ. ಟೆಕ್ಸಾಸ್‌ನ ವಿಮಾ ನಿಯಂತ್ರಕರಿಗೆ ಸೇರಿದ್ದು ವಿಮಾ ಕಂಪನಿಗಳ ಲೆಕ್ಕ, ಮಿಸೌರಿಯಲ್ಲಿ ಒಪ್ಪಂದ ಮಾರಿದವರ ಲೆಕ್ಕವಲ್ಲ. ಮಿಸೌರಿಯ ಅಂತ್ಯಸಂಸ್ಕಾರ ನಿರ್ವಾಹಕರ ಮಂಡಳಿಗೆ ಮಾರಾಟಗಾರರ ಪುಸ್ತಕಗಳನ್ನು ಬಿಚ್ಚಿ ನೋಡುವ ಅಧಿಕಾರ ಆಗಿನ ಕಾನೂನಿನಲ್ಲಿ ದುರ್ಬಲವಾಗಿತ್ತು. ಟ್ರಸ್ಟಿ ಬ್ಯಾಂಕಿಗೆ ಹೂಡಿಕೆಯ ಹೊಣೆ ಸಲಹೆಗಾರರದೆಂಬ ಸಮಾಧಾನವಿತ್ತು. ಗ್ರಾಹಕರ ಮನೆಯಲ್ಲಿ ಇದ್ದದ್ದು ಒಂದು ಒಪ್ಪಂದ ಪತ್ರ, ಅದನ್ನು ಕೊಟ್ಟದ್ದು ಮಾರಿದ ಕಂಪನಿಯೇ. ವಿಮಾ ಕಂಪನಿಯಿಂದಾಗಲಿ ಟ್ರಸ್ಟಿಯಿಂದಾಗಲಿ ಅವರ ಕೈಗೆ ನೇರವಾಗಿ ಬರಬಹುದಾಗಿದ್ದ ವಾರ್ಷಿಕ ವಿವರಣೆಯೊಂದು ಇದ್ದಿದ್ದರೆ, ಫಲಾನುಭವಿಯ ಹೆಸರು ಬದಲಾದದ್ದನ್ನು, ಆಜೀವ ಪಾಲಿಸಿ ಟರ್ಮ್ ಆದದ್ದನ್ನು, ಪಾಲಿಸಿಯ ಮೇಲೆ ಸಾಲ ಎದ್ದದ್ದನ್ನು 97,000 ಮನೆಗಳಲ್ಲಿ ಒಂದಲ್ಲ ಒಂದು ಮನೆಯವರಾದರೂ ಗುರುತಿಸುತ್ತಿದ್ದರು. ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಕರಣದ ಕೇಂದ್ರ ಇಲ್ಲಿದೆ. ಉಳಿದ ದೋಷಗಳೆಲ್ಲ ಈ ಒಂದು ಕೊರತೆಯ ಆಶ್ರಯದಲ್ಲಿ ಬೆಳೆದವು.

ಕುಸಿತ, ಮತ್ತು ನಷ್ಟ ಹೊತ್ತವರು

2008ರ ಮೇ ತಿಂಗಳಲ್ಲಿ ಟೆಕ್ಸಾಸ್‌ನ ನ್ಯಾಯಾಲಯವೊಂದು ವಿಮಾ ನಿಯಂತ್ರಕರ ಕೋರಿಕೆಯ ಮೇರೆಗೆ ಎರಡೂ ವಿಮಾ ಕಂಪನಿಗಳನ್ನೂ ಅವುಗಳ ಜೊತೆ ನ್ಯಾಷನಲ್ ಪ್ರಿಅರೇಂಜ್ಡ್ ಸರ್ವಿಸಸ್ ಕಂಪನಿಯನ್ನೂ ಸರ್ಕಾರಿ ನಿಯೋಜಿತ ಆಡಳಿತಕ್ಕೆ ಒಳಪಡಿಸಿತು. ಪುನಶ್ಚೇತನ ಸಾಧ್ಯವಿಲ್ಲವೆಂದು ಗೊತ್ತಾದ ಮೇಲೆ ಸೆಪ್ಟೆಂಬರ್‌ನಲ್ಲಿ ಸಮಾಪನಕ್ಕೆ, ಅಂದರೆ ಕಂಪನಿಗಳನ್ನು ಮುಚ್ಚಿ ಲೆಕ್ಕ ತೀರಿಸುವುದಕ್ಕೆ, ಆದೇಶವಾಯಿತು.

ಇಲ್ಲಿಂದ ಮುಂದೆ ನಡೆದದ್ದು ಹೊರಗಿನವರು ನಿರೀಕ್ಷಿಸುವುದಕ್ಕಿಂತ ಬೇರೆ. ಕಂಪನಿ ಮುಳುಗಿದರೆ ಗ್ರಾಹಕರ ಅಂತ್ಯಸಂಸ್ಕಾರಗಳು ನಿಂತುಹೋಗುತ್ತವೆ, ಮನೆಯವರು ಎರಡನೆಯ ಬಾರಿ ಹಣ ತೆರಬೇಕಾಗುತ್ತದೆ ಎಂಬುದು ಸಹಜ ಊಹೆ. ಬಹುಮಟ್ಟಿಗೆ ಹಾಗಾಗಲಿಲ್ಲ. ಅಮೆರಿಕದ ಪ್ರತಿಯೊಂದು ರಾಜ್ಯದಲ್ಲಿಯೂ ವಿಮಾ ಕಂಪನಿ ಮುಳುಗಿದಾಗ ಪಾಲಿಸಿದಾರರನ್ನು ರಕ್ಷಿಸುವ ಖಾತರಿ ಸಂಘವೊಂದು ಇರುತ್ತದೆ. ಆ ರಾಜ್ಯದಲ್ಲಿ ವ್ಯವಹರಿಸುವ ಇತರ ವಿಮಾ ಕಂಪನಿಗಳಿಂದ ವಂತಿಗೆ ಎತ್ತಿ ಅದು ನಡೆಯುತ್ತದೆ. ಈ ಸಂಘಗಳು ಮರಣ ಸಂಭವಿಸಿದಂತೆಲ್ಲ ಪಾಲಿಸಿಯ ಮೂಲ ಮೊತ್ತದ ಮಟ್ಟಿಗೆ ಹಣ ಕೊಡಲು ಮುಂದಾದವು. ಬೆಲೆ ಏರಿಕೆಯನ್ನು ಸರಿದೂಗಿಸಲು ಕಂಪನಿ ಕೊಡುತ್ತೇನೆಂದಿದ್ದ ಹೆಚ್ಚುವರಿ ಬೆಳವಣಿಗೆ ಅದರಲ್ಲಿ ಸೇರಿರಲಿಲ್ಲ. ಆ ವ್ಯತ್ಯಾಸವನ್ನು ಹೊತ್ತವರು ಫ್ಯೂನರಲ್ ಹೋಮ್‌ಗಳು. ಹಲವು ವರ್ಷಗಳ ಹಿಂದಿನ ದರಕ್ಕೆ ಇಂದಿನ ಸೇವೆಯನ್ನು ಅವರು ಕೊಡಬೇಕಾಯಿತು, ಏಕೆಂದರೆ ಕಂಪನಿಯ ಒಪ್ಪಂದದಲ್ಲಿ ಸೇವೆಯ ಭರವಸೆಗೆ ಅವರೂ ಸಹಿ ಹಾಕಿದ್ದರು. ಕಾನೂನಿನ ಬಲವಂತ ಒಂದು ಕಡೆ. ಇನ್ನೊಂದು ಕಡೆ, ಸಣ್ಣ ಊರಿನಲ್ಲಿ ಎರಡು ಮೂರು ತಲೆಮಾರಿನಿಂದ ಒಂದೇ ಕುಟುಂಬ ನಡೆಸಿಕೊಂಡು ಬಂದ ಫ್ಯೂನರಲ್ ಹೋಮ್, ಪರಿಚಿತರ ಶವವನ್ನು ಮುಂದಿಟ್ಟುಕೊಂಡು ನಿಮ್ಮ ತಾಯಿ ಕಟ್ಟಿದ ಹಣ ಸಾಲದೆಂದು ಮಕ್ಕಳಿಗೆ ಹೇಳಿದರೆ ಆ ಊರಿನಲ್ಲಿ ಮುಂದೆ ಬಾಗಿಲು ತೆರೆಯುವುದೇ ಕಷ್ಟ.

ಹೀಗಾಗಿ ವಂಚನೆಯ ಭಾರ ದೊಡ್ಡ ಪ್ರಮಾಣದಲ್ಲಿ ವಂಚನೆಯಲ್ಲಿ ಪಾಲಿಲ್ಲದ ಸಣ್ಣ ವ್ಯಾಪಾರಿಗಳ ಮೇಲೆಯೂ, ಖಾತರಿ ಸಂಘಗಳ ಮೂಲಕ ಇತರ ವಿಮಾ ಕಂಪನಿಗಳ ಮೇಲೆಯೂ ಬಿತ್ತು. ಗ್ರಾಹಕರನ್ನು ಉಳಿಸಿದ್ದು ಅವರ ಎಚ್ಚರವಲ್ಲ, ಒಪ್ಪಂದದ ಖಾತರಿಯೂ ಅಲ್ಲ. ಅವರ ಹಣ ವಿಮೆಯ ರೂಪದಲ್ಲಿ ಇತ್ತು ಎಂಬ, ಅವರಲ್ಲಿ ಬಹುಪಾಲು ಜನ ಗಮನಿಸಿಯೇ ಇರದ ಸಂಗತಿ. ವಿಮಾ ಖಾತರಿ ಸಂಘದಂಥ ಸಾಮೂಹಿಕ ರಕ್ಷಣೆ ಟ್ರಸ್ಟ್‌ಗಳಿಗೆ ಸಾಮಾನ್ಯವಾಗಿ ಇರುವುದಿಲ್ಲ. ಮುಂಗಡ ಒಪ್ಪಂದಗಳ ನಿಧಿಗೆಂದೇ ಕೆಲವು ರಾಜ್ಯಗಳು ಪ್ರತ್ಯೇಕ ಪರಿಹಾರ ನಿಧಿ ಇಟ್ಟಿವೆ, ಉಳಿದವು ಇಟ್ಟಿಲ್ಲ. ಟ್ರಸ್ಟ್ ಎಂಬ ಹೆಸರು ವಿಮೆಗಿಂತ ಹೆಚ್ಚು ಗಟ್ಟಿಯಾಗಿ ಕೇಳಿಸುತ್ತದೆಂದು ಅದನ್ನು ಆರಿಸಿಕೊಳ್ಳುವವರು ಈ ವ್ಯತ್ಯಾಸವನ್ನು ತಿಳಿದಿರಬೇಕು.

ನ್ಯಾಯಾಲಯಗಳಲ್ಲಿ

2010ರ ನವೆಂಬರ್‌ನಲ್ಲಿ ಮೊಕದ್ದಮೆ ನಡೆಸಲು ಆಧಾರವಿದೆಯೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿಯಾದ ಫೆಡರಲ್ ಗ್ರಾಂಡ್ ಜ್ಯೂರಿಯು ಆರು ಮಂದಿಯ ವಿರುದ್ಧ ದೋಷಾರೋಪ ಹೊರಿಸಿತು. 2013ರಲ್ಲಿ ಅವರಲ್ಲಿ ಐವರು ತಪ್ಪೊಪ್ಪಿಕೊಂಡರು, ಹೂಡಿಕೆ ಸಲಹೆಗಾರರು ಮಾತ್ರ ವಿಚಾರಣೆಗೆ ನಿಂತು ಸೋತರು. ಅದೇ ವರ್ಷದ ನವೆಂಬರ್‌ನಲ್ಲಿ ಕಂಪನಿಯ ಸ್ಥಾಪಕರಿಗೆ 9 ವರ್ಷ 7 ತಿಂಗಳು, ಅವರ ಮಗನಿಗೆ 5 ವರ್ಷ, ಸಲಹೆಗಾರರಿಗೆ 10 ವರ್ಷ ಸೆರೆವಾಸ ವಿಧಿಸಲಾಯಿತು. ಉಳಿದವರಿಗೆ ಒಂದೂವರೆಯಿಂದ ಏಳು ವರ್ಷಗಳ ಶಿಕ್ಷೆಯಾಯಿತು. ಸುಮಾರು 43.5 ಕೋಟಿ ಡಾಲರ್ ನಷ್ಟಭರ್ತಿಯ ಆದೇಶವೂ ಹೊರಟಿತು. ಖರ್ಚಾಗಿಹೋದ ಹಣದ ವಿಷಯದಲ್ಲಿ ಅಂಥ ಆದೇಶ ಬಹಳ ಮಟ್ಟಿಗೆ ದಾಖಲೆಯ ಮಾತಾಗಿಯೇ ಉಳಿಯುತ್ತದೆ.

ಸಿವಿಲ್ ದಾವೆ ಇನ್ನೂ ಕುತೂಹಲಕರವಾದದ್ದು, ಏಕೆಂದರೆ ಅದು ಕಾವಲುಗಾರರ ಹೊಣೆಯನ್ನು ಕೇಳಿತು. ಮಿಸೌರಿಯ ಟ್ರಸ್ಟ್‌ಗಳಿಗೆ 1998ರಿಂದ 2004ರ ತನಕ ಅಲೀಜಿಯಂಟ್ ಎಂಬ ಬ್ಯಾಂಕು ಟ್ರಸ್ಟಿಯಾಗಿತ್ತು. ಅದನ್ನು ಇನ್ನೊಂದು ಬ್ಯಾಂಕು ಕೊಂಡು, ಆ ಬ್ಯಾಂಕನ್ನು ಪಿಎನ್‌ಸಿ ಎಂಬ ಮತ್ತೊಂದು ಬ್ಯಾಂಕು ಕೊಂಡಿದ್ದರಿಂದ, ಹೊಣೆ ಕೊನೆಗೆ ಪಿಎನ್‌ಸಿಯ ಬಾಗಿಲಿಗೆ ಬಂತು. ಸಮಾಪನಾಧಿಕಾರಿಗಳೂ ಖಾತರಿ ಸಂಘಗಳೂ ಹೂಡಿದ ಈ ದಾವೆಯಲ್ಲಿ 2015ರಲ್ಲಿ ಜ್ಯೂರಿಯು 35.5 ಕೋಟಿ ಡಾಲರ್‌ಗೂ ಹೆಚ್ಚಿನ ಪರಿಹಾರವನ್ನೂ ಅದರ ಮೇಲೆ ಸುಮಾರು 3.55 ಕೋಟಿ ಡಾಲರ್ ದಂಡವನ್ನೂ ವಿಧಿಸಿತು. 2017ರಲ್ಲಿ ಮೇಲ್ಮನವಿ ನ್ಯಾಯಾಲಯವು, ಟ್ರಸ್ಟಿಯ ತಪ್ಪನ್ನು ಸಾಮಾನ್ಯ ನಿರ್ಲಕ್ಷ್ಯದ ಅಳತೆಯಿಂದಲ್ಲ, ಟ್ರಸ್ಟ್ ಕಾನೂನಿನ ಅಳತೆಯಿಂದ ತೂಗಬೇಕೆಂದು ಹೇಳಿ ಆ ತೀರ್ಪನ್ನು ಬದಿಗಿಟ್ಟಿತು. ಮರುವಿಚಾರಣೆಯ ನಂತರ 2019ರಲ್ಲಿ ಬಂದ ಮೊತ್ತ ಸುಮಾರು 10 ಕೋಟಿ ಡಾಲರ್. ಮೊತ್ತ ಇಳಿದರೂ ತತ್ವ ಉಳಿಯಿತು. ಹೂಡಿಕೆಯನ್ನು ಬೇರೊಬ್ಬರು ನೋಡಿಕೊಳ್ಳುತ್ತಿದ್ದರು ಎಂಬ ಕಾರಣಕ್ಕೆ ಟ್ರಸ್ಟಿಯಾದ ಬ್ಯಾಂಕು ಕಣ್ಣು ಮುಚ್ಚಿ ಕೂರುವಂತಿಲ್ಲ ಎಂಬುದು ಸ್ಥಾಪಿತವಾಯಿತು.

ಮಿಸೌರಿ ರಾಜ್ಯ 2009ರಲ್ಲಿ ತನ್ನ ಕಾನೂನನ್ನು ತಿದ್ದಿತು. ಒಪ್ಪಂದ ಮಾರುವವರಿಗೆ ಪರವಾನಗಿ ಕಡ್ಡಾಯವಾಯಿತು, ಟ್ರಸ್ಟ್‌ಗೆ ಹಾಕಬೇಕಾದ ಪಾಲು ಶೇ 85ಕ್ಕೆ ಏರಿತು, ಮಂಡಳಿಗೆ ಮಾರಾಟಗಾರರ ಲೆಕ್ಕ ಪರಿಶೀಲಿಸುವ ಅಧಿಕಾರ ದೊರೆಯಿತು. ಶೇ 80ರಿಂದ 85ಕ್ಕೆ ಏರಿದ್ದರಲ್ಲಿ ಅಂಥ ಹೆಚ್ಚುಗಾರಿಕೆಯಿಲ್ಲ. ಮೇಲಿನ ಲೆಕ್ಕದಲ್ಲಿ ನೋಡಿದಂತೆ, ಪೂರ್ತಿ ಹಣ ಟ್ರಸ್ಟ್‌ಗೆ ಹೋಗದ ಖಾತರಿ ಒಪ್ಪಂದ ಹುಟ್ಟುವಾಗಲೇ ಕೊರತೆಯಲ್ಲಿ ಹುಟ್ಟುತ್ತದೆ. ಪರಿಶೀಲನೆಯ ಅಧಿಕಾರವೇ ನಿಜವಾದ ಸುಧಾರಣೆ.

ಗ್ರಾಹಕರ ಸ್ಥಾನದಲ್ಲಿ ನಿಂತು

ಈ ಕಂಪನಿಯ ಮುಂದೆ ಕುಳಿತ ಗ್ರಾಹಕರೊಬ್ಬರು ಏನು ಕೇಳಬಹುದಿತ್ತು ಎಂದು ಯೋಚಿಸಿದರೆ, ಅಂತ್ಯಸಂಸ್ಕಾರದ ಬಗೆಗಿನ ಪ್ರಶ್ನೆಗಳಿಗಿಂತ ಹಣದ ಬಗೆಗಿನ ಪ್ರಶ್ನೆಗಳೇ ಮುಂದೆ ಬರುತ್ತವೆ. ವಿಮೆಯಾದರೆ ಪಾಲಿಸಿಯ ಮಾಲೀಕರು ಯಾರು, ಫಲಾನುಭವಿ ಯಾರು, ಆಜೀವ ಪಾಲಿಸಿಯೇ, ವಿಮಾ ಕಂಪನಿಗೂ ಮಾರುವವರಿಗೂ ಇರುವ ಸಂಬಂಧವೇನು ಎಂಬುದು ತಿಳಿಯಬೇಕಿತ್ತು. ಟ್ರಸ್ಟ್ ಆದರೆ ಟ್ರಸ್ಟಿ ಯಾರು, ಹೂಡಿಕೆಯ ನಿರ್ಧಾರ ಯಾರದು, ಎಷ್ಟು ಪಾಲು ಒಳಗೆ ಹೋಗುತ್ತದೆ ಎಂಬುದು ತಿಳಿಯಬೇಕಿತ್ತು. ಇವುಗಳಿಗೆ ಮಾರಾಟಗಾರರು ಕೊಡುವ ಉತ್ತರ ಸಾಲದು. ಪಾಲಿಸಿಯ ಪ್ರತಿಯನ್ನೋ ಠೇವಣಿಯ ದೃಢೀಕರಣವನ್ನೋ ವಿಮಾ ಕಂಪನಿಯಿಂದ ಅಥವಾ ಟ್ರಸ್ಟಿಯಿಂದ ನೇರವಾಗಿ ತರಿಸಿಕೊಳ್ಳುವುದು, ವರ್ಷಕ್ಕೊಮ್ಮೆ ಅದನ್ನು ಮತ್ತೆ ಕೇಳುವುದು, ಆ ಕಾಗದ ಎಲ್ಲಿದೆಯೆಂದು ಮನೆಯವರಿಗೆ ಹೇಳಿಡುವುದು ಬೇಕಾಗುತ್ತದೆ. ಮಾರಿದ ಕಂಪನಿಯೂ ವಿಮಾ ಕಂಪನಿಯೂ ಒಂದೇ ಮನೆತನದವು ಎಂದು ಗೊತ್ತಾದ ಕ್ಷಣದಲ್ಲಿಯೇ ಎದ್ದು ಬರುವುದು ಲೇಸಾಗಿತ್ತು. ಆದರೆ ಆ ಸಂಬಂಧವನ್ನು ಮಾರಾಟದ ಮಾತುಕತೆಯಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ ಎಂಬುದೂ ಅಷ್ಟೇ ನಿಜ.

ಏರ್ಪಾಡು ಮಾಡುವುದನ್ನೂ ಹಣ ಕಟ್ಟುವುದನ್ನೂ ಬೇರ್ಪಡಿಸುವ ದಾರಿಯೂ ಇದೆ, ಮತ್ತು ಬಹುಮಂದಿಗೆ ಅದೇ ಸಾಕಾಗುತ್ತದೆ. ಯಾವ ಫ್ಯೂನರಲ್ ಹೋಮ್, ಸಮಾಧಿಯೋ ದಹನವೋ, ಯಾರಿಗೆ ತಿಳಿಸಬೇಕು, ಯಾವುದು ಬೇಡ ಎಂಬುದನ್ನು ಬರೆದಿಟ್ಟು ಮಕ್ಕಳ ಕೈಗೆ ಒಂದು ಪ್ರತಿ ಕೊಡುವುದಕ್ಕೆ ಹಣ ಬೇಕಿಲ್ಲ. ಅದನ್ನು ಮರಣಶಾಸನದಲ್ಲಿ ಮಾತ್ರ ಬರೆದಿಟ್ಟರೆ ಪ್ರಯೋಜನವಿಲ್ಲ, ಏಕೆಂದರೆ ಮರಣಶಾಸನವನ್ನು ಬಿಚ್ಚಿ ನೋಡುವ ಹೊತ್ತಿಗೆ ಅನೇಕ ಬಾರಿ ಅಂತ್ಯಸಂಸ್ಕಾರ ಮುಗಿದಿರುತ್ತದೆ. ಹಣಕ್ಕೆ, ತಮ್ಮ ಹೆಸರಿನಲ್ಲಿಯೇ ಬ್ಯಾಂಕಿನಲ್ಲಿ ಒಂದು ಖಾತೆ ತೆರೆದು, ಮರಣಾನಂತರ ನೇರವಾಗಿ ಹಣ ಪಡೆಯಬೇಕಾದವರ ಹೆಸರನ್ನು ನಮೂದಿಸುವ ವ್ಯವಸ್ಥೆ ಅಮೆರಿಕದಲ್ಲಿ ಹಳೆಯದು. ಅಲ್ಲಿ ಹಣ ಕೊನೆಯ ತನಕ ಖಾತೆದಾರರದೇ, ಠೇವಣಿ ವಿಮೆಯ ರಕ್ಷಣೆಯೂ ಇದೆ, ಊರು ಬದಲಾಯಿಸಿದರೂ ತೊಂದರೆಯಿಲ್ಲ. ಮಾರಾಟಗಾರರು ಈ ದಾರಿಯನ್ನು ಹೇಳದಿರುವುದಕ್ಕೆ ಕಾರಣವನ್ನು ಹುಡುಕಬೇಕಾಗಿಲ್ಲ; ಅದರಲ್ಲಿ ಕಮಿಷನ್ ಇಲ್ಲ.

ಆ ಖಾತೆಗೂ ಮಿತಿಗಳಿವೆ. ದರ ಏರಿದರೆ ಏರಿದ್ದನ್ನು ಮನೆಯವರೇ ಭರಿಸಬೇಕು, ಹೆಸರು ಹೇಳಿದ ಮಗನೋ ಮಗಳೋ ಹಣವನ್ನು ಬೇರೆಡೆ ಖರ್ಚು ಮಾಡಿದರೆ ಕೇಳುವವರಿಲ್ಲ, ಮತ್ತು ಮೆಡಿಕೇಯ್ಡ್ ನೆರವು ಬೇಕಾದವರ ವಿಷಯದಲ್ಲಿ ಆ ಹಣ ಆಸ್ತಿಯ ಲೆಕ್ಕಕ್ಕೆ ಸೇರುತ್ತದೆ. ಕೊನೆಯ ವರ್ಗದವರು ಹಿಂಪಡೆಯಲು ಬಾರದ ಒಪ್ಪಂದವನ್ನೇ ಮಾಡಿಕೊಳ್ಳಬೇಕಾಗುತ್ತದೆ. ಹಾಗೆ ಮಾಡಿಕೊಳ್ಳುವಾಗ ಹಣವನ್ನು ವಾಪಸು ಪಡೆಯಲಾಗದಿದ್ದರೂ ಸೇವೆ ಕೊಡುವ ಫ್ಯೂನರಲ್ ಹೋಮ್ ಅನ್ನು ಬದಲಾಯಿಸುವ ಹಕ್ಕನ್ನು ತಮ್ಮ ರಾಜ್ಯದ ಕಾನೂನು ಕೊಡುತ್ತದೆಯೇ ಎಂದು ಸಹಿ ಹಾಕುವ ಮೊದಲು ವಿಚಾರಿಸಿ, ಅದನ್ನು ಒಪ್ಪಂದದಲ್ಲಿಯೇ ಬರೆಸಿಕೊಳ್ಳಬೇಕು.